ನಮ್ಮ ಮನೆಯ ಸ್ಪೇನ್ ರಾಜ

ಅಪ್ಪಯ್ಯನ ನೂರು ವರ್ಷದ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅದಕ್ಕೊಂದು ಸಮಿತಿ ಆಗಿದೆ, ಸಮಿತಿಗೊಬ್ಬ ಕಾರ್ಯದರ್ಶಿ ಇದ್ದಾನೆ. ಅವನು ಶಿರಸಿಯವನೇ, ನನ್ನ ಮನೆಯಿಂದ ಎರಡು ಬೀದಿ ಆಚೆ ಇರುವವನು. ಆದರೂ ಬಂದು ಕೇಳಲಿಲ್ಲ, ಫೋನ್ ಮಾಡಿದ. ನಾನು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದೆ.

"ಅಕ್ಕಾ, ನೀವು ಫಿಲಿಪ್ ಪ್ರಸಂಗದ ಬಗ್ಗೆ ಬರೀರಿ. ಇಡೀ ಪ್ರಪಂಚ ಆ ರಾಜನ್ನ ರಾಕ್ಷಸ ಮಾಡಿ ಇಟ್ಟಿತ್ತು. ಅವನಿಗೆ ನ್ಯಾಯ ಕೊಟ್ಟವರು ನಿಮ್ಮ ಅಪ್ಪಯ್ಯ ಒಬ್ರೇ. ಒಂದು ನಾಲ್ಕು ಪುಟ ಸಾಕು. ಮನೆಯಲ್ಲಿ ನೀವು ಕಂಡ ಹಾಗೆ."

ಮನೆಯಲ್ಲಿ ನಾನು ಕಂಡ ಹಾಗೆ. ಆಗಲಿ ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ಮೈಯೆಲ್ಲ ಉರಿಯಿತು. ಎಪ್ಪತ್ತರ ಹತ್ತಿರ ಬಂದರೂ ನನಗೆ ಸಿಟ್ಟು ಕಡಿಮೆಯಾಗಿಲ್ಲ, ಕಡಿಮೆ ಮಾಡಿಕೊಳ್ಳಬೇಕು ಎಂದು ಅನ್ನಿಸಿಯೂ ಇಲ್ಲ. ನ್ಯಾಯ ಕೊಟ್ಟನಂತೆ. ನಾನೂರು ವರ್ಷದ ಹಿಂದೆ ಸತ್ತ, ಯಾವ ದಿಕ್ಕಿನಲ್ಲಿದೆ ಎಂದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲದ ದೇಶದ ರಾಜನಿಗೆ ನನ್ನ ಅಪ್ಪಯ್ಯ ಸಿದ್ದಾಪುರದಲ್ಲಿ ಕೂತು ನ್ಯಾಯ ಕೊಟ್ಟ. ಅಡುಗೆಮನೆಯಲ್ಲಿದ್ದವಳಿಗೆ ಏನು ಕೊಟ್ಟ ಎಂದು ಸಮಿತಿ ಕೇಳುವುದಿಲ್ಲ. ಆ ನಾಲ್ಕು ಪುಟವನ್ನು ನಾನು ಅವರಿಗೆ ಕಳಿಸಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪಯ್ಯ ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಎದುರಿಗೆ ಉದ್ದನೆಯ ಜಗಲಿ, ಅದರ ಹಿಂದೆ ಕತ್ತಲೆಯ ನಡುಮನೆ, ಕೊನೆಗೆ ಹೊಗೆ ಹಿಡಿದ ಅಡುಗೆಮನೆ. ಜಗಲಿಯಲ್ಲಿ ಅಪ್ಪಯ್ಯನ ಆರಾಮಕುರ್ಚಿ, ಪುಸ್ತಕದ ಕಪಾಟು, ಬಂದವರಿಗೆ ಹಾಸುವ ಎರಡು ದೊಡ್ಡ ಚಾಪೆ. ಬೆಳಕೆಲ್ಲ ಅಲ್ಲೇ ಬೀಳುತ್ತಿತ್ತು. ಊರಿನಲ್ಲಿ ಅವನ ಹೆಸರು ಇದ್ದದ್ದು ಮಾಸ್ತರ ಎಂದಲ್ಲ, ತಾಳಮದ್ದಲೆಯ ಅರ್ಥಧಾರಿ ಎಂದು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ, ಅಂದರೆ ಆ ದಿನದ ಕತೆಯ, ಒಂದು ಪದ್ಯ ಹಾಡುತ್ತಾರೆ, ಪಂಚೆ ಉಟ್ಟು ಶಾಲು ಹೊದ್ದು ಕೂತ ಅರ್ಥಧಾರಿ ತನ್ನ ಪಾತ್ರದ ಪರವಾಗಿ ಅಲ್ಲೇ ಹೊಳೆದ ಮಾತು ಆಡುತ್ತಾನೆ; ಆ ಮಾತಿಗೇ ಅರ್ಥ ಎನ್ನುವುದು. ಎದುರು ಪಾತ್ರದವನು ಅದಕ್ಕೆ ಉತ್ತರ ಕೊಡಬೇಕು. ಉತ್ತರ ಹೊಳೆಯದೆ ಬಾಯಿ ಕಟ್ಟಿದವನು ಸೋತ ಹಾಗೆ. ಎಲ್ಲರೂ ಕೆಟ್ಟವನೆಂದು ಕೈಬಿಟ್ಟ ಪಾತ್ರ ಸಿಕ್ಕಿದರೆ ಅಪ್ಪಯ್ಯನಿಗೆ ಹಬ್ಬ. ಅವನು ಅರ್ಥ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರು ಆ ಕೆಟ್ಟವನ ಪರವಾಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮನೆಯಲ್ಲೂ ಅದೇ ಕಾನೂನು. ಏನು ಬೇಕಾದರೂ ಜಗಲಿಗೆ ಬಂದು ವಾದ ಮಾಡಿ ಗೆಲ್ಲಬೇಕು. ಚಪ್ಪಲಿ ಹರಿದರೆ ಹೊಸ ಚಪ್ಪಲಿ ಯಾಕೆ ಬೇಕು ಎಂದು ನಾವು ಹೇಳಬೇಕು, ಬರಿಗಾಲಿನ ಪರವಾಗಿ ಅಪ್ಪಯ್ಯ ಮಾತಾಡುತ್ತಿದ್ದ. ಗೆದ್ದರೆ ಚಪ್ಪಲಿ, ಸೋತರೆ ಇಲ್ಲ. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಈ ಆಟದಲ್ಲಿ ಪಳಗಿದ್ದ. ಬರಿಗಾಲು ಅಷ್ಟು ಒಳ್ಳೆಯದಾದರೆ ನಿನ್ನ ಚಪ್ಪಲಿ ಜಗಲಿಯ ಮೂಲೆಯಲ್ಲಿ ಏನು ಮಾಡುತ್ತಿದೆ ಎಂದು ಕೇಳಿ ಒಮ್ಮೆ ಗೆದ್ದಿದ್ದ. ಅಪ್ಪಯ್ಯ ಬಿದ್ದು ಬಿದ್ದು ನಕ್ಕು ಅದೇ ಸಂಜೆ ಅಂಗಡಿಗೆ ಕರೆದುಕೊಂಡು ಹೋದ. ನಾನೂ ಕಲಿಯುತ್ತಿದ್ದೆ. ಇದು ಬಹಳ ಚೆಂದದ ಮನೆ, ಬೇರೆ ಮಕ್ಕಳ ಅಪ್ಪಂದಿರು ಬರೀ ಹೊಡೆಯುತ್ತಾರೆ, ನಮ್ಮ ಅಪ್ಪಯ್ಯ ಮಾತು ಕೇಳುತ್ತಾನೆ ಎಂದು ಬೀಗುತ್ತಿದ್ದೆ. ಈ ಕಾನೂನಿನಲ್ಲಿ ಒಬ್ಬಳಿಗೆ ಏನೂ ಸಿಗುತ್ತಿರಲಿಲ್ಲ ಎನ್ನುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಮ್ಮನನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ವಾದ ಬರುತ್ತಿರಲಿಲ್ಲ. ಅವಳು ಏನಾದರೂ ಕೇಳಿದರೆ ಅಪ್ಪಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಾರಣ ಹೇಳು, ಎನ್ನುತ್ತಿದ್ದ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು, ಆಮೇಲೆ "ಆತು" ಎಂದು ಒಳಗೆ ಹೋಗುತ್ತಿದ್ದಳು. ನಮಗೆ ಅದು ತಮಾಷೆಯಾಗಿತ್ತು. ನಾನು ಅವಳ "ಆತು" ಅಣಕಿಸಿ ಬಂದವರನ್ನೆಲ್ಲ ನಗಿಸುತ್ತಿದ್ದೆ.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಸ್ಪೇನಿನ ರಾಜ ಆ ಜಗಲಿಗೆ ಬಂದ. ಅಪ್ಪಯ್ಯ ಯಾರಿಂದಲೋ ಇಂಗ್ಲಿಷಿನ ಹಳೆಯ ಕಾದಂಬರಿ, ನಾಟಕಗಳ ಒಂದು ಕಟ್ಟು ತಂದಿದ್ದ. ಅದರಲ್ಲಿ ಮೂರ್ನಾಲ್ಕರಲ್ಲಿ ಈ ಫಿಲಿಪ್ ಬರುತ್ತಿದ್ದ, ಎಲ್ಲದರಲ್ಲೂ ಖಳನಾಗಿಯೇ. ಒಂದರಲ್ಲಿ ಕರಿ ಬಟ್ಟೆ ತೊಟ್ಟು ಕಲ್ಲಿನ ಅರಮನೆಯ ನಡುವೆ ಜೇಡದ ಹಾಗೆ ಕೂತಿರುತ್ತಾನೆ. ಇನ್ನೊಂದರಲ್ಲಿ ಜನರನ್ನು ಸುಡಿಸಿ ಅದರ ಮುಂದೆ ಜಪ ಮಾಡುತ್ತಾನೆ. ಒಂದು ನಾಟಕದಲ್ಲಿ ಅವನ ಮಗ, ಯುವರಾಜ, ಸ್ವಾತಂತ್ರ್ಯದ ಕನಸು ಕಾಣುವ ಚೆಲುವ ತರುಣ. ಮೊದಲು ಆ ಮಗನಿಗೆಂದು ಮಾತಾಗಿದ್ದ ಫ್ರಾನ್ಸಿನ ಹುಡುಗಿಯನ್ನು ಅಪ್ಪ ತಾನೇ ಮದುವೆಯಾಗುತ್ತಾನೆ, ಮಗ ಎದುರು ಮಾತಾಡಿದಾಗ ಅವನನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ, ಮಗ ಅಲ್ಲೇ ಸಾಯುತ್ತಾನೆ. ಅಪ್ಪಯ್ಯ ಇದನ್ನೆಲ್ಲ ಬಂದವರಿಗೆ ಬಾಯಿ ತುಂಬ ಹೇಳುತ್ತಿದ್ದ. ಹೇಳಿ, ಕೊನೆಗೆ ತೊಡೆ ತಟ್ಟುತ್ತಿದ್ದ.

"ಬರದವು ಯಾರು ಕೇಳಿ. ಎಲ್ಲ ಅವನ ಶತ್ರು ದೇಶದವು. ಆ ರಾಜನ ಮಾಣಿ ಮೆಟ್ಟಿಲ ಮೇಲಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕ್ಯಂಡಿದ್ದ, ಆಳುಗಳಿಗೆ ಹೊಡಿತಿದ್ದ. ಅಂಥವನ ಕೈಲಿ ರಾಜ್ಯ ಕೊಡಲೆ ಆಗ್ತಾ? ಅಪ್ಪ ಆದವನ ಸಂಕಟ ಒಬ್ಬನೂ ಬರದ್ನಿಲ್ಲೆ. ಆನು ಬರೀತೆ."

ಅವನ ಮಾತಿನಲ್ಲಿ ಸತ್ಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಮುಂದೆ ಶಿರಸಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಈ ರಾಜ ಯಾವ ಪುಸ್ತಕದಲ್ಲಿ ಅಡಗಿದ್ದರೂ ಹುಡುಕಿ ಓದಿದ್ದೇನೆ. ಅವನಿಂದ ಪೆಟ್ಟು ತಿಂದ ದೇಶಗಳ ಕತೆಗಾರರು ಅವನನ್ನು ಪಿಶಾಚಿ ಮಾಡಿದರು. ಅವನ ದೇಶದವರು ಅವನನ್ನು ವಿವೇಕಿ ಎಂದರು. ಈಚಿನವರಿಗೆ ಅವನು ಕಾಲುನೋವಿನ ಒಂಟಿ ಮುದುಕ, ಕಾಗದಗಳ ರಾಶಿಯ ನಡುವೆ ಕೂತು ಪ್ರತಿಯೊಂದರ ಅಂಚಿನಲ್ಲೂ ಷರಾ ಬರೆಯುವ ಗುಮಾಸ್ತ. ಒಬ್ಬೊಬ್ಬರೂ ತಮ್ಮ ತಮ್ಮ ಜಗಳವನ್ನು ಅವನ ಮೈಮೇಲೆ ಹಾಕಿ ಬರೆದುಕೊಂಡಿದ್ದಾರೆ. ಅಪ್ಪಯ್ಯ ಮಾಡಿದ್ದೂ ಅದನ್ನೇ. ಅವನು ಮೂವತ್ತೆರಡು ಪದ್ಯ ಬರೆದು ಹೊಸ ಪ್ರಸಂಗ ಕಟ್ಟಿದ. ರಾಜನ ಅರ್ಥ ತನ್ನದೇ ಎಂದು ಮೊದಲೇ ಸಾರಿದ. ರಾಜ, ಯುವರಾಜ, ಮಂತ್ರಿ, ಸೇನಾಪತಿ, ಮತಗುರು, ಎಲ್ಲರಿಗೂ ಪದ್ಯ ಇತ್ತು. ರಾಣಿಗೆ ಇರಲಿಲ್ಲ. ಅವಳ ಬಗ್ಗೆ ಗಂಡಸರು ಮಾತಾಡಿದರೆ ಸಾಕಾಗಿತ್ತು.

ಪ್ರಸಂಗ ಕೂಡಿಸುವುದಕ್ಕೆ ನಾಲ್ಕು ಜನ ಅರ್ಥಧಾರಿಗಳು, ಒಬ್ಬ ಭಾಗವತರು ಮೂರು ದಿನ ನಮ್ಮ ಮನೆಯಲ್ಲಿ ಉಳಿದರು. ಬೆಳಿಗ್ಗೆ ದೋಸೆ, ಹತ್ತು ಗಂಟೆಗೆ ಕಷಾಯ, ಮಧ್ಯಾಹ್ನ ಎಲೆ ಹಾಕಿ ಊಟ, ಸಂಜೆ ಅವಲಕ್ಕಿ. ಆಯಿ ಒಬ್ಬಳೇ. ಮೊದಲನೆಯ ದಿನ, ಶುಕ್ರವಾರ, ದೋಸೆಯ ಹೊತ್ತಿಗೆ ಆಯಿಯ ತವರೂರು ತ್ಯಾಗಲಿಯ ಕಡೆಯಿಂದ ಬಂದ ಬಸ್ಸಿನಲ್ಲಿ ಅಜ್ಜಿಯ ಮನೆಯ ನೆರೆಯವರೊಬ್ಬರು ಇಳಿದು, ಅಜ್ಜಿಗೆ ಮಾತು ನಿಂತಿದೆ, ಮಗಳನ್ನು ಹುಡುಕುವ ಹಾಗೆ ಬಾಗಿಲ ಕಡೆ ನೋಡುತ್ತಿದ್ದಾಳೆ ಎಂದು ಹೇಳಿ ಹೋದರು. ತ್ಯಾಗಲಿ ಎಂದರೆ ಏಳು ಸಮುದ್ರದ ಆಚೆ ಅಲ್ಲ, ನಮ್ಮದೇ ತಾಲೂಕು. ಆಯಿ ಕಾವಲಿ ಕೆಳಗಿಳಿಸಿ, ಎಲ್ಲರೂ ಕೂತಿದ್ದ ಜಗಲಿಯ ಬಾಗಿಲಿಗೆ ಬಂದು ನಿಂತಳು.

"ಆನು ತ್ಯಾಗಲಿಗೆ ಹೋಗಿ ಬತ್ತೆ. ಆಯಿಗೆ ರಾಶಿ ಹುಷಾರಿಲ್ಲೆ ಹೇಳಿ ಸುದ್ದಿ ಬೈಂದು."

ಅಪ್ಪಯ್ಯ ಆ ಹೊತ್ತಿಗೆ ರಾಜನಾಗಿದ್ದ. ಸೊಂಟ ನೆಟ್ಟಗೆ ಮಾಡಿ, ಶಾಲು ಸರಿಮಾಡಿಕೊಂಡು, ಐದೂ ಜನರ ಮುಖ ನೋಡಿ ನಕ್ಕ.

"ಮೂರು ಕಾರಣ ಹೇಳು ನೋಡನ. ಇವತ್ತೇ ಎಂತಕ್ಕೆ ಹೋಗವು? ಸೋಮವಾರ ಹೋದ್ರೆ ಎಂತ ಹಾಳಾಗ್ತು?"

ಅದರಲ್ಲಿ ಕ್ರೌರ್ಯ ಇತ್ತೇ ಎಂದು ನಾನು ಐವತ್ತು ವರ್ಷ ಯೋಚನೆ ಮಾಡಿದ್ದೇನೆ. ಇರಲಿಲ್ಲ. ಆಡುವ ಖುಷಿ ಇತ್ತು, ಅಷ್ಟೇ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು. ಬಂದವರು ಆಯಿಯ ಉತ್ತರ ಕೇಳಲು ಕಿವಿ ಕೊಟ್ಟು ಕೂತರು, ನಾನೂ ಕೂತೆ. ಆಯಿ ಸೆರಗಿಗೆ ಕೈ ಒರೆಸಿಕೊಂಡಳು. ನಡುಮನೆಯ ಕಂಬ ಹಿಡಿದು ನಿಂತಿದ್ದ ಅಣ್ಣ ಮುಂದೆ ಬಂದ.

"ಆಯಿನ ನೋಡಲೆ ಹೋಪಲೂ ಕಾರಣ ಬೇಕಾ ಅಪ್ಪಯ್ಯ?"

"ನೀ ಸುಮ್ನಿರು ತಮಾ. ನಿನ್ನ ಕೇಳಿದ್ದಲ್ಲ. ನಿನ್ನ ಆಯಿ ಹೇಳಲಿ."

"ಆತು," ಎಂದಳು ಆಯಿ. "ಸೋಮವಾರವೇ ಹೋಗ್ತೆ."

ಭಾನುವಾರ ಮಧ್ಯಾಹ್ನ, ಬಂದವರ ಎಲೆಗೆ ಎರಡನೇ ಸಲ ಅನ್ನ ಬಡಿಸುತ್ತಿದ್ದಾಗ ಅಜ್ಜಿ ಹೋದ ಸುದ್ದಿ ಬಂತು. ಆಯಿ ಅನ್ನದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಮಜ್ಜಿಗೆ ಬಡಿಸುವುದನ್ನು ಮರೆಯಬೇಡ ಎಂದು ಹೇಳಿ, ಉಟ್ಟ ಸೀರೆಯಲ್ಲೇ ಹೊರಟಳು. ಅಣ್ಣ ತನ್ನ ಎದುರಿನ ತಟ್ಟೆಯನ್ನು ದೂಡಿ ಎದ್ದು ಅವಳ ಹಿಂದೆ ಹೋದ. ಅಪ್ಪಯ್ಯನಿಗೆ ಆ ದೂಡಿದ ತಟ್ಟೆ ಕಂಡಿತು. ಬಂದವರ ಎದುರು ಮಗ ಹೀಗೆ ಮಾಡಿದ ಎನ್ನುವುದು ಅವನಿಗೆ ತ್ಯಾಗಲಿಯ ಸುದ್ದಿಗಿಂತ ದೊಡ್ಡದಾಯಿತು. ಅಜ್ಜಿಯ ಕೆಲಸಗಳೆಲ್ಲ ಮುಗಿದು ಅವರು ಹಿಂತಿರುಗಿದ ಮೇಲೂ ಅಪ್ಪ ಮಗ ಒಂದು ಮಾತು ಆಡಲಿಲ್ಲ. ಒಬ್ಬ ಜಗಲಿಯಲ್ಲಿ ಉಣ್ಣುತ್ತಿದ್ದ, ಒಬ್ಬ ಅಡುಗೆಮನೆಯಲ್ಲಿ. ಆಯಿ ಇಬ್ಬರ ನಡುವೆ ಸಾರಿನ ಪಾತ್ರೆ ಹಿಡಿದು ತಿರುಗುತ್ತಿದ್ದಳು. 

ಹೀಗಿರುವಾಗ ಅಣ್ಣ ಭಾಗವತರ ಮನೆಗೆ ಹೋಗಿ, ಯುವರಾಜನ ಅರ್ಥ ತನಗೆ ಕೊಡಿ ಎಂದು ಕೇಳಿದ. ಊರಿಗೆ ಊರೇ ಕಿವಿ ನಿಮಿರಿಸಿತು. ಅಪ್ಪಯ್ಯ ಒಪ್ಪಿದ, ಖುಷಿಯಲ್ಲೇ ಒಪ್ಪಿದ. ಮನೆಯಲ್ಲಿ ಹೇಳಲಾಗದ್ದನ್ನು ಅಲ್ಲಿ ಪಾತ್ರದ ಬಾಯಲ್ಲಿ ಹೇಳುತ್ತೇನೆ, ಅಲ್ಲಿಯಾದರೆ ಅಪ್ಪಯ್ಯ ಉತ್ತರ ಕೊಡಲೇಬೇಕು ಎನ್ನುವುದು ಅಣ್ಣನ ಲೆಕ್ಕ. ಅವನು ಒಂದು ನೋಟು ಪುಸ್ತಕದಲ್ಲಿ ತನ್ನ ವಾದಗಳನ್ನು ಬರೆದುಕೊಳ್ಳತೊಡಗಿದ. ಬರೆದದ್ದನ್ನು ಅಟ್ಟದ ಮೇಲೆ ಹೇಳಿ ನೋಡುವಾಗ ಕೇಳಲಿಕ್ಕೆ ನಾನೊಬ್ಬಳೇ. ಕಾಗದ ಓದಿ ರಾಜ್ಯ ಆಳುವವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಅದು ಮೊದಲನೆಯ ವಾದ. ನೀನು ರಾಣಿಯನ್ನು ಕಲ್ಲಿನ ಅರಮನೆಯಲ್ಲಿಟ್ಟು ಅವಳ ಮೌನವನ್ನೇ ಒಪ್ಪಿಗೆ ಎಂದು ಓದಿಕೊಂಡೆ, ಅದು ಎರಡನೆಯದು. ಮೂರನೆಯದು ನನಗೆ ಈಗಲೂ ಅಕ್ಷರ ಬಿಡದೆ ನೆನಪಿದೆ: "ನನ್ನನ್ನು ಹುಚ್ಚನೆಂದು ಕರೆದೆ, ಯಾಕೆಂದರೆ ಹುಚ್ಚನಿಗೆ ಉತ್ತರ ಕೊಡಬೇಕಾಗಿಲ್ಲ."

ತಾಳಮದ್ದಲೆಗೆ ಒಂದು ಮರ್ಯಾದೆ ಇದೆ. ಕತೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೂತು ಮಾತಾಡಿಕೊಳ್ಳಬಹುದು. ಎದುರಿನವನು ಯಾವ ಬಾಣ ಇಟ್ಟುಕೊಂಡಿದ್ದಾನೆ ಎಂದು ಕದ್ದು ನೋಡಬಾರದು. ಇದನ್ನು ನನಗೆ ಕಲಿಸಿದವನು ಅಪ್ಪಯ್ಯನೇ. ಪ್ರಸಂಗಕ್ಕೆ ಎರಡು ದಿನ ಇರುವಾಗ ಅವನು ನನ್ನನ್ನು ಜಗಲಿಗೆ ಕರೆದ. ಆರಾಮಕುರ್ಚಿಯ ಕಟ್ಟಿಗೆಯ ಕೈಯ ಮೇಲೆ ಕೂರಿಸಿಕೊಂಡ. ಅಲ್ಲಿ ಕೂರುವ ಭಾಗ್ಯ ನಮಗೆ ಸಿಗುತ್ತಿದ್ದದ್ದು ಅಪರೂಪಕ್ಕೆ.

"ತಂಗಿ, ಅಣ್ಣ ಅಟ್ಟದ ಮೇಲೆ ಎಂತ ಹೇಳ್ತಾ ಇರ್ತಾ? ನಿನ್ನ ನೆನಪಿನ ಶಕ್ತಿ ಎಷ್ಟಿದ್ದು ನೋಡನ."

"ಪೂರ್ತಿ ಬಾಯಿಪಾಠ ಇದ್ದು ಅಪ್ಪಯ್ಯ," ಎಂದೆ ನಾನು.

ಹೇಳಿದೆ. ಮೂರನ್ನೂ ಹೇಳಿದೆ. ಅಣ್ಣ ಎಲ್ಲಿ ದನಿ ಏರಿಸುತ್ತಾನೆ, ಎಲ್ಲಿ ತಡೆಯುತ್ತಾನೆ ಎನ್ನುವುದನ್ನೂ ಮಾಡಿ ತೋರಿಸಿದೆ. ಅಪ್ಪಯ್ಯ ಕಣ್ಣು ಮುಚ್ಚಿ ಕೇಳಿ, ನನ್ನ ತಲೆ ಸವರಿ, ಭೇಷ್ ಎಂದ. ಆ ಭೇಷ್‌ಗೆ ನಾನು ಇಡೀ ದಿನ ಕುಣಿದಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ರೋಷ ಬರುತ್ತದೆ.

ಪ್ರಸಂಗ ನಡೆದದ್ದು ಭಾನುವಾರ ಮಧ್ಯಾಹ್ನ, ಶಾಲೆಯ ದೊಡ್ಡ ಕೋಣೆಯಲ್ಲಿ. ಬೆಂಚುಗಳನ್ನೆಲ್ಲ ಹೊರಗಿಟ್ಟು ಜಮಖಾನ ಹಾಸಿದ್ದರು. ಎಡಗಡೆ ಹೆಂಗಸರು, ಮೂರನೇ ಸಾಲಿನಲ್ಲಿ ಆಯಿ, ಅವಳ ಮಗ್ಗುಲಲ್ಲಿ ನಾನು. ಅಣ್ಣ ಪದ್ಯ ಮುಗಿದ ಕೂಡಲೇ ಎತ್ತಿಕೊಂಡ. ಕಾಗದ ಓದುವ ರಾಜನ ಮಾತು ಶುರು ಮಾಡಿ ಎರಡು ವಾಕ್ಯ ಆಗಿರಲಿಲ್ಲ, ಅಪ್ಪಯ್ಯ ನಗುತ್ತ ಕೈ ಎತ್ತಿದ. "ಯುವರಾಜಾ, ಮುಂದೆ ನೀನು ಏನು ಹೇಳುವೆ ಎಂಬುದನ್ನೂ ನಾನು ಬಲ್ಲೆ. ಕಾಗದದ ಹಿಂದೆ ಮುಖ ಕಾಣದು ಎನ್ನುವೆ. ಮಗು, ಒಂದು ಮುಖ ನೋಡಿದ ರಾಜ ಆ ಒಬ್ಬನಿಗೆ ಕರುಣೆ ತೋರುವನು. ಕಾಗದ ಓದಿದ ರಾಜ ಲಕ್ಷ ಜನರಿಗೆ ನ್ಯಾಯ ಕೊಡುವನು." ಜನ ಚಪ್ಪಾಳೆ ತಟ್ಟಿದರು. ಅಣ್ಣ ಎರಡನೆಯದಕ್ಕೆ ಹಾರಿದ, ಅದಕ್ಕೂ ಉತ್ತರ ಕಾದು ಕೂತಿತ್ತು. ಮೂರನೆಯದನ್ನು ಅಪ್ಪಯ್ಯ ತಾನೇ ಅಣ್ಣನ ದನಿಯಲ್ಲಿ, ನಾನು ತೋರಿಸಿಕೊಟ್ಟ ಹಾಗೆಯೇ ತಡೆದು ತಡೆದು ಹೇಳಿ, "ಹುಚ್ಚನಾದವನು ಮೊದಲು ಆಡುವ ಮಾತೇ ಇದು" ಎಂದ. ಕೋಣೆ ನಗೆಯಲ್ಲಿ ಮುಳುಗಿತು. ಅಣ್ಣನ ಕಿವಿ ಕೆಂಪಾದದ್ದು ನನಗೆ ಮೂರನೇ ಸಾಲಿನಿಂದ ಕಾಣುತ್ತಿತ್ತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಪ್ಪಯ್ಯನಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ದನಿ ಇಳಿಸಿ, ಅತಿಥಿಗಳ ಎದುರು ಅನ್ನದ ತಟ್ಟೆ ದೂಡಿ ಎದ್ದು ಹೋದ ಮಗನ ಕತೆಯನ್ನು ರಾಜನ ಬಾಯಿಂದ ಹೇಳಿದ. ಮೂರು ದಿನ ನಮ್ಮಲ್ಲಿ ಉಂಡವರು ಅಲ್ಲೇ ಕೂತಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರಿಂದ ಇಡೀ ಕೋಣೆಗೆ ತಿಳಿಯಿತು. "ಈ ಕೈ ಅವನ ತೊಟ್ಟಿಲನ್ನು ತೂಗಿದ ಕೈ, ಇದೇ ಕೈ ಅವನ ಕೋಣೆಗೆ ಅಗುಳಿ ಹಾಕಬೇಕಾಯಿತು" ಎಂದು ಅಪ್ಪಯ್ಯ ಬಿಕ್ಕಿದ. ಅವನು ನಮ್ಮ ತೊಟ್ಟಿಲನ್ನು ಒಂದು ದಿನವೂ ಮುಟ್ಟಿದವನಲ್ಲ. ಗಂಡಸರು ಕಣ್ಣು ಒರೆಸಿಕೊಂಡರು. ಆಮೇಲೆ ಅವನು ಕೊನೆಯ ಪ್ರಶ್ನೆ ಹಾಕಿದ: "ನಾನು ಕ್ರೂರಿಯಾಗಿದ್ದರೆ, ನನ್ನ ರಾಣಿ ಇಂದಿನವರೆಗೆ ಒಂದು ದಿನವಾದರೂ ದೂರಿದ್ದಾಳೆಯೆ?" ಅಣ್ಣ ತಲೆ ಎತ್ತಿದ. ಬಾಯಿ ತೆರೆದ. ತಿರುಗಿ ನೇರ ಮೂರನೇ ಸಾಲಿನ ಕಡೆ ನೋಡಿದ. ನನ್ನ ಮಗ್ಗುಲಲ್ಲಿ ಆಯಿಯ ಕೈ ಮೊಣಕಾಲಿನಿಂದ ಸ್ವಲ್ಪವೇ ಮೇಲೆದ್ದು, ಬೇಡ ಎಂದು ಆಡಿತು. ಅಣ್ಣ ಬಾಯಿ ಮುಚ್ಚಿದ. ಭಾಗವತರು ಕಾದರು, ಮದ್ದಲೆಯವನು ಎರಡು ಸಲ ತಟ್ಟಿದ, ಅಣ್ಣನಿಂದ ಮಾತು ಬರಲಿಲ್ಲ. ರಾಜ ಗೆದ್ದ.

ಆ ವರ್ಷವೆಲ್ಲ ಸಿದ್ದಾಪುರದ ಪೇಟೆಯಲ್ಲಿ ಅಣ್ಣನ ಹೆಸರು ಯುವರಾಜ ಎಂದಾಯಿತು. ಮೊದಲು ತಮಾಷೆಗೆ, ಆಮೇಲೆ ಪೂರ್ತಿ ನಂಬಿಕೆಯಿಂದ. ನಮ್ಮ ಕಡೆಯ ಜನಕ್ಕೆ ಅರ್ಥದಲ್ಲಿ ಕೇಳಿದ್ದು ಕಣ್ಣಾರೆ ನೋಡಿದಷ್ಟೇ ಖಾತ್ರಿ. ಮನ್ಮನೆಯ ಒಂದು ಸಂಬಂಧ ಹತ್ತಿರ ಬಂದು ಮುರಿಯಿತು; ಮಾಣಿಗೆ ಸಣ್ಣವನಿದ್ದಾಗ ತಲೆಗೆ ಪೆಟ್ಟಾಗಿತ್ತಂತಲ್ಲ ಎಂದು ಹುಡುಗಿಯ ಅಪ್ಪ ಕೇಳಿದನಂತೆ. ಮೆಟ್ಟಿಲಿನಿಂದ ಬಿದ್ದವನು ಸ್ಪೇನಿನ ರಾಜಕುಮಾರ. ನಮ್ಮ ಮನೆಗೆ ಮೆಟ್ಟಿಲೇ ಇರಲಿಲ್ಲ, ಅಟ್ಟಕ್ಕೆ ಏಣಿ ಇತ್ತು. ಅಣ್ಣ ಯಲ್ಲಾಪುರಕ್ಕೆ ಹೋಗಿ ಪಂಪಿನ ಮೋಟಾರು ಸುತ್ತುವ ಕೆಲಸ ಕಲಿತ, ಅಲ್ಲೇ ಅಂಗಡಿ ಇಟ್ಟ, ನಂದೊಳ್ಳಿಯ ಕಡೆಯ ಹುಡುಗಿಯನ್ನು ಮದುವೆಯಾದ. ಮತ್ತೆ ಯಾವ ಅರ್ಥಕ್ಕೂ ಕೂರಲಿಲ್ಲ. ಅಪ್ಪಯ್ಯ ಮಾತ್ರ ಆ ಪ್ರಸಂಗವನ್ನು ಊರೂರಿಗೆ ಹೊತ್ತು ತಿರುಗಿದ, ಸನ್ಮಾನದ ಶಾಲುಗಳನ್ನು ತಂದು ಆಯಿಯ ಕೈಗೆ ಕೊಟ್ಟ. ಆಯಿ ಅವನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು. ಇಬ್ಬರೂ ಈಗ ಇಲ್ಲ. ತಾಯಿಯನ್ನು ನೋಡಲು ಹೋಗಲಾಗದ ಆ ಶುಕ್ರವಾರದ ಬಗ್ಗೆ ಆಯಿ ಸಾಯುವವರೆಗೂ ಬಾಯಿ ಬಿಡಲಿಲ್ಲ.

ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ನನಗೆ ಒಂದು ಇತಿಹಾಸದ ಪುಸ್ತಕ ಸಿಕ್ಕಿತು. ಆ ರಾಣಿ ಹದಿನಾಲ್ಕು ವರ್ಷಕ್ಕೆ ಫ್ರಾನ್ಸಿನಿಂದ ಬಂದವಳು, ಇಪ್ಪತ್ತಮೂರಕ್ಕೆ ಸತ್ತಳು. ಕತೆಗಾರರು ಅವಳನ್ನು ಯುವರಾಜನಿಗಾಗಿ ನಿಟ್ಟುಸಿರು ಬಿಡಲಿಕ್ಕೆ ಬಳಸಿಕೊಂಡರು, ಅದು ಬರೀ ಕಟ್ಟುಕತೆಯಂತೆ. ಆದರೆ ಮಧ್ಯದಲ್ಲಿ ಒಂದು ಸಲ ಅವಳು ಗಡಿಯ ಊರಿಗೆ ಹೋಗಿ ತಾಯಿಯನ್ನು ಕಂಡು, ಕೆಲವು ವಾರ ಜೊತೆಗಿದ್ದು ಬಂದಿದ್ದಳು. ರಾಜನೇ ಒಪ್ಪಿ ಕಳಿಸಿದ್ದ. ರಾಜಕಾರಣ ಇತ್ತೋ ಏನೋ, ಕಳಿಸಿದ್ದ. ನಾನು ಆ ಸಾಲನ್ನು ಮೂರು ಸಲ ಓದಿ, ಪುಸ್ತಕ ಮುಚ್ಚಿ, ಕಪಾಟುಗಳ ನಡುವೆ ಹೋಗಿ ಅತ್ತೆ. ಜೇಡ, ಪಿಶಾಚಿ, ಮಗನನ್ನು ಕೊಂದವನು ಎಂದೆಲ್ಲ ಲೋಕ ಬರೆದ ಸ್ಪೇನಿನ ರಾಜ ಹೆಂಡತಿಯನ್ನು ತಾಯಿಯ ಬಳಿ ಕಳಿಸಿದ್ದ. ಸಿದ್ದಾಪುರದ ಮಾಸ್ತರ ಕಳಿಸಲಿಲ್ಲ. ಆ ರಾಜನ ಪರವಾಗಿ ಒಂದು ಒಳ್ಳೆಯ ಮಾತು ಇತಿಹಾಸದಲ್ಲೇ ಇತ್ತು, ಅಪ್ಪಯ್ಯ ಅದನ್ನು ಹೇಳದೆ ಬಿಟ್ಟಿದ್ದ. ಗೊತ್ತಿರಲಿಲ್ಲವೋ, ಹೇಳಲು ಬಾಯಿ ಬರಲಿಲ್ಲವೋ, ಇನ್ನು ಯಾರನ್ನು ಕೇಳಲಿ.

ಕಾರ್ಯದರ್ಶಿ ಮತ್ತೆ ಫೋನ್ ಮಾಡಿ, ನೂರರ ಕಾರ್ಯಕ್ರಮಕ್ಕೆ ಅದೇ ಪ್ರಸಂಗವನ್ನೇ ಇಟ್ಟುಕೊಂಡಿದ್ದೇವೆ ಎಂದ. ನಿವೃತ್ತಿಯ ನಂತರ ನಾನೂ ಶಿರಸಿಯ ಕೆಲವು ಹೆಂಗಸರ ಜೊತೆ ಅರ್ಥ ಹೇಳುತ್ತೇನೆ, ಅದು ಅವನಿಗೆ ಗೊತ್ತು. ಮಗಳಾಗಿ ಒಂದು ಚಿಕ್ಕ ಪಾತ್ರ ಮಾಡಿ, ಮಂತ್ರಿಯದ್ದು ಆಗಬಹುದು ಎಂದ. ರಾಣಿಯದ್ದು ಕೊಡಿ ಎಂದೆ. ಪ್ರಸಂಗದಲ್ಲಿ ರಾಣಿಗೆ ಪದ್ಯವೇ ಇಲ್ಲವಲ್ಲ ಎಂದ. ಬರೆದುಕೊಳ್ಳುತ್ತೇನೆ ಎಂದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಅಣ್ಣ ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತು, ಬಿಚ್ಚಿದ ಮೋಟಾರಿನಿಂದ ಸುಟ್ಟ ತಂತಿ ಎಳೆಯುತ್ತಿದ್ದ. ಎಂಬತ್ತರ ಹತ್ತಿರ ಬಂದರೂ ಅಂಗಡಿ ಬಿಟ್ಟಿಲ್ಲ. ಎದುರಿಗೆ ಕೂತು, ಆರಾಮಕುರ್ಚಿಯ ಕೈಯ ಮೇಲೆ ನಾನು ಹೇಳಿಕೊಟ್ಟದ್ದನ್ನು ಹೇಳಿದೆ. ಇಷ್ಟು ವರ್ಷ ಹೇಳಿರಲಿಲ್ಲ.

"ಗೊತ್ತಿದ್ದು," ಎಂದ, ತಂತಿಯಿಂದ ಕಣ್ಣು ತೆಗೆಯದೆ. "ಅಪ್ಪಯ್ಯ ಎರಡ್ನೇ ಮಾತು ಎತ್ತಕಾದ್ರೇ ಗೊತ್ತಾತು. ನಾಚಿಕೆ ಆಗಕಾಗಿತ್ತು ಅಂದ್ರೆ ಕೇಳ್ದವಂಗೆ. ಹನ್ನೊಂದು ವರ್ಷದ ಕೂಸಿಗಲ್ಲ."

"ಕಡಿಗೆ ಆಯಿ ಬದಿಗೆ ತಿರುಗಿದ್ಯಲ. ಎಂತ ಹೇಳವು ಹೇಳಿ ಇತ್ತು ನಿಂಗೆ?"

"ರಾಣಿ ಇಲ್ಲೇ ಕೂತಿದ್ದು, ರಾಣಿನೇ ಕೇಳನ ಹೇಳಿ. ಅದಕ್ಕೆ ಅಪ್ಪಯ್ಯನ ಹತ್ರ ಉತ್ತರ ಇತ್ತಿಲ್ಲೆ. ನೋಟು ಪುಸ್ತಕದಲ್ಲಿ ಬರದಿದ್ನಿಲ್ಲೆ ಆನು ಅದನ್ನ." ತಂತಿ ತುಂಡಾಯಿತು. ಅವನು ಇನ್ನೊಂದು ಎಳೆ ಹಿಡಿದ. "ಆಯಿ ಬೇಡ ಹೇಳ್ತು. ಆನು ಬಿಟ್ಟಿ."

ನಾನು ಕಾರ್ಯಕ್ರಮಕ್ಕೆ ಬಾ ಎಂದೆ. ಅವನು ತಂತಿ ಎಳೆಯುತ್ತಲೇ ಇದ್ದ. ಆದರೆ ಬಂದ. ಶಿರಸಿಯ ಆ ಸಭಾಭವನದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ವೇದಿಕೆಯಿಂದ ನೋಡಿದರೆ, ಎಡಗಡೆ ಹೆಂಗಸರ ನಡುವೆ ಮೂರನೇ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ. ರಾಜನ ಅರ್ಥಕ್ಕೆ ಕೂತವನು ಚುರುಕಾದ ಹುಡುಗ, ಅಪ್ಪಯ್ಯನ ಮಾತುಗಳನ್ನು ಧ್ವನಿಮುದ್ರಣದಲ್ಲಿ ಕೇಳಿ ಕಲಿತವನು. ತೊಟ್ಟಿಲಿನ ಮಾತಿಗೆ ಜನ ಕಣ್ಣು ಒರೆಸಿಕೊಂಡರು. ಆಮೇಲೆ ಅದೇ ಪ್ರಶ್ನೆ ಬಂತು: "ನನ್ನ ರಾಣಿ ಒಂದು ದಿನವಾದರೂ ದೂರಿದ್ದಾಳೆಯೆ?" ಭಾಗವತರು ನಾನು ಬರೆದುಕೊಟ್ಟ ಪದ್ಯ ಹಾಡಿದರು. ನನ್ನ ಹತ್ತಿರ ಅರ್ಧ ಗಂಟೆಯ ಮಾತು ಸಿದ್ಧವಾಗಿತ್ತು. ಗಡಿಯ ಊರು, ತಾಯಿ, ಕಳಿಸಿದ ರಾಜನ ದೊಡ್ಡತನ, ಮೌನ ಎಂದರೆ ಒಪ್ಪಿಗೆಯಲ್ಲ ಎನ್ನುವುದಕ್ಕೆ ಒಂದರ ಮೇಲೊಂದು ಉದಾಹರಣೆ. ನಾನು ಅಪ್ಪಯ್ಯನ ಮಗಳೇ, ಗೆಲ್ಲುವ ಹಾಗೆಯೇ ಕಟ್ಟಿಕೊಂಡಿದ್ದೆ. ಬಾಯಿ ತೆರೆದೆ, ಮೂರನೇ ಸಾಲು ಕಂಡಿತು. ಕಟ್ಟಿಕೊಂಡದ್ದು ಒಂದೂ ಬರಲಿಲ್ಲ.

"ಯಂಗೆ ಅವತ್ತೇ ತ್ಯಾಗಲಿಗೆ ಹೋಪದಿತ್ತು," ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಸ್ಪೇನಿನ ರಾಣಿ ಮನೆಮಾತಿನಲ್ಲಿ ಮಾತಾಡಿ ಸಿದ್ದಾಪುರ ತಾಲೂಕಿಗೆ ಹೊರಟಿದ್ದಳು, ನಗದೆ ಏನು ಮಾಡುತ್ತಾರೆ. ಕಾರ್ಯದರ್ಶಿ ಬಾಯಿಗೆ ಶಾಲು ಒತ್ತಿಕೊಂಡ. ಅಣ್ಣ ನಗಲಿಲ್ಲ. ಅವನು ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ, ಬೇಡ ಎಂದು ಕೈ ಆಡಿಸಲಿಲ್ಲ. ರಾಜ ಚುರುಕಾದ ಹುಡುಗ ಎಂದೆನಲ್ಲ, ನಗೆ ಇಳಿಯುವವರೆಗೆ ಕಾದು, ಶಾಲು ಸರಿಮಾಡಿಕೊಂಡು, ಪಾತ್ರ ಬಿಡದೆ ಗಂಭೀರವಾಗಿ ಕೇಳಿದ: "ದೇವಿ, ಅಲ್ಲಿಗೆ ಅಂದೇ ಹೋಗಬೇಕಾಗಿದ್ದ ಕಾರಣವೇನು?"

ಭಾಗವತರು ನನ್ನ ಮುಖ ನೋಡಿದರು. ಮದ್ದಲೆ ಎರಡು ಸಲ ತಟ್ಟಿತು. ತಾಳಮದ್ದಲೆಯ ಕಾನೂನಿನಲ್ಲಿ ನಾನು ಅಲ್ಲಿ ಸೋತೆ.

ನಾನು ಕಾರಣ ಹೇಳಲಿಲ್ಲ.